ಬೆಟ್ಟದ ಮಂಜು ಮತ್ತು ಮಕ್ಕಳ ಅಲಂಕಾರ ಪಾಠ

"ಕೆಳಗಿನ ವಾಕ್ಯದಲ್ಲಿರುವ ಅಲಂಕಾರವನ್ನು ಹೆಸರಿಸಿ, ಲಕ್ಷಣ ಬರೆದು ಸಮನ್ವಯಗೊಳಿಸಿ." ಹೈಸ್ಕೂಲು ಮಕ್ಕಳಿರುವ ಮನೆಗಳಿಗೆಲ್ಲ ಪರಿಚಿತವಾದ ಪ್ರಶ್ನೆಯಿದು. ಅದಕ್ಕಿಂತಲೂ ಪರಿಚಿತವಾದುದು ನಮ್ಮ ಅನೇಕ ತಾಯಂದಿರ ಉತ್ತರ: "ನಾನು ಓದಿದ್ದು ಉರ್ದು, ಮದ್ರಸಾ. ಕನ್ನಡ ವ್ಯಾಕರಣ ನನಗೆಲ್ಲಿ ಬರುತ್ತದೆ? ಗೈಡ್ ನೋಡಿ ಬರಿ." ಅಲ್ಲಿಗೆ ತಾಯಿ ಅಡುಗೆ ಮನೆಗೆ, ಮಗು ಬಾಯಿಪಾಠಕ್ಕೆ.

ಗೈಡನ್ನು ಸ್ವಲ್ಪ ಪಕ್ಕಕ್ಕಿಡೋಣ. ಗುಂಡ್ಲುಪೇಟೆ ಕಡೆಯವರಿಗೆ ಹಿಮವದ್ ಗೋಪಾಲಸ್ವಾಮಿ ಬೆಟ್ಟವನ್ನು ಪರಿಚಯಿಸಬೇಕಿಲ್ಲ. ಬಂಡೀಪುರದ ಕಾಡಿನಲ್ಲಿ 1,454 ಮೀಟರ್ ಎತ್ತರಕ್ಕೆ ನಿಂತ ಬೆಟ್ಟ. ತುದಿಯಲ್ಲಿ ವೇಣುಗೋಪಾಲಸ್ವಾಮಿಯ ದೇವಾಲಯ. ಸದಾ ಮಂಜು ಕವಿಯುವುದರಿಂದಲೇ 'ಹಿಮವದ್' ಎಂಬ ಹೆಸರು. "ಮಂಜು ಹಚ್ಚಡದಂತೆ ಬೆಟ್ಟವನ್ನು ಮುಚ್ಚಿದೆ" ಎಂದು ಮಗು ಹೇಳಿದರೆ ಉಪಮಾಲಂಕಾರ ಸಿದ್ಧ. ಮಂಜು ಉಪಮೇಯ, ಹಚ್ಚಡ ಉಪಮಾನ, ಮುಚ್ಚುವುದು ಸಮಾನಧರ್ಮ, 'ಅಂತೆ' ಉಪಮಾವಾಚಕ.

ಈಗ ಮದ್ರಸಾದ ಬಲಾಗತ್ ಪಾಠ ನೆನಪಿಸಿಕೊಳ್ಳಿ. ತಶ್‌ಬೀಹ್‌ಗೂ ನಾಲ್ಕೇ ಅಂಗಗಳು! ಮುಶಬ್ಬಹ್ ಎಂದರೆ ಉಪಮೇಯ, ಮುಶಬ್ಬಹ್ ಬಿಹಿ ಎಂದರೆ ಉಪಮಾನ, ವಜ್ಹುಶ್ಶಬಹ್ ಸಮಾನಧರ್ಮ, ಅದಾತ್ ಉಪಮಾವಾಚಕ. ಕನ್ನಡದಲ್ಲಿ 9ನೇ ಶತಮಾನದ 'ಕವಿರಾಜಮಾರ್ಗ' ದಂಡಿಯ ಸಂಸ್ಕೃತ ಗ್ರಂಥವನ್ನು ಅನುಸರಿಸಿ ಅಲಂಕಾರಗಳನ್ನು ವಿವರಿಸಿತು. ಅರಬಿಯಲ್ಲಿ 11ನೇ ಶತಮಾನದ ಅಬ್ದುಲ್ ಕಾಹಿರ್ ಜುರ್ಜಾನಿ ತಶ್‌ಬೀಹನ್ನು ಆಳವಾಗಿ ಚರ್ಚಿಸಿದರು. ಪವಿತ್ರ ಕುರ್‌ಆನಿನ ಇಬ್ರಾಹೀಮ್ ಅಧ್ಯಾಯದ 24ನೇ ಸೂಕ್ತದಲ್ಲಿ ಒಳ್ಳೆಯ ಮಾತಿಗೆ ಒಳ್ಳೆಯ ಮರದ ಹೋಲಿಕೆಯಿದೆ. ಅಲ್ಲಿ 'ಕ' ಎಂಬ ಒಂದೇ ಅಕ್ಷರ ನಮ್ಮ 'ಅಂತೆ'ಯ ಕೆಲಸ ಮಾಡುತ್ತದೆ. ಅದನ್ನು ಅರ್ಥ ತಿಳಿದು ಓದಿದ ತಾಯಿಗೆ ಉಪಮೆ ಗೊತ್ತಿಲ್ಲವೆನ್ನಲು ಸಾಧ್ಯವೇ?

'ಅಂತೆ'ಯನ್ನು ತೆಗೆದು "ಮಂಜಿನ ಹಚ್ಚಡ ಬೆಟ್ಟವನ್ನು ಮುಚ್ಚಿದೆ" ಎಂದರೆ ಮಂಜೇ ಹಚ್ಚಡ, ಅದು ರೂಪಕ. (ಉರ್ದು ಕಲಿತವರು ಇದನ್ನು ಇಸ್ತಿಆರಾ ಎಂದುಬಿಡುತ್ತಾರೆ. ಆದರೆ ಉಪಮೇಯ, ಉಪಮಾನ ಎರಡೂ ಇರುವುದರಿಂದ ಅರಬಿ ಲೆಕ್ಕದಲ್ಲಿ ಇದು ತಶ್‌ಬೀಹ್ ಬಲೀಗ್.) "ಬೆಟ್ಟವು ಚಳಿ ತಾಳಲಾರದೆ ಹಚ್ಚಡ ಹೊದ್ದು ಮಲಗಿದೆಯೋ ಎಂಬಂತೆ ಮಂಜು ಕವಿದಿದೆ" ಎಂದರೆ ಉತ್ಪ್ರೇಕ್ಷೆ. ಮಕ್ಕಳು ಎಡವುವುದು ಇಲ್ಲೇ. 'ಅಂತೆ' ಕಂಡಲ್ಲೆಲ್ಲ ಉಪಮೆ ಎಂದು ಬರೆದು ಅಂಕ ಕಳೆದುಕೊಳ್ಳುತ್ತಾರೆ. "ಮಾವ ನಾಳೆ ಬರುತ್ತಾರಂತೆ" ಎಂಬುದರಲ್ಲಿ ಯಾವ ಅಲಂಕಾರವಿದೆ? ಅದು ಬರೀ ಕೇಳಿದ ಸುದ್ದಿ.

ಹಂಗಳದ ಹೊಲಗಳಲ್ಲಿ ಚೆಂಡುಹೂ ಅರಳಿದಾಗ ಹೇಗೆ ಕಾಣುತ್ತದೆಂದು ತರಗತಿಯಲ್ಲಿ ಕೇಳಿದೆ. "ಈದ್‌ಗೆ ಒಗೆದು ಒಣಹಾಕಿದ ಅಮ್ಮನ ದುಪಟ್ಟಾಗಳ ಹಾಗೆ" ಎಂದಳು ಒಬ್ಬ ಹುಡುಗಿ. ಅದು ಯಾವ ಗೈಡಿನದೂ ಅಲ್ಲ. ಸಮಾನಧರ್ಮವನ್ನು ಮನೆಯಲ್ಲಿ ಅಮ್ಮನ ಜೊತೆ ಕೂತು ಹುಡುಕಿ ಬರೆದು ತರಲು ಹೇಳಿದ್ದೇನೆ.