ಸಫಾರಿ ಹೊರಟ ಸಂಸಾರ: ಸಿಂಹಕ್ಕಿಂತ ಸೊಳ್ಳೆಗೆ ಅಂಜಬೇಕು

ಕೀನ್ಯಾದ ಮಸಾಯಿ ಮಾರಾ ಮತ್ತು ಟಾಂಜಾನಿಯಾದ ಸೆರೆಂಗೆಟಿ ಒಂದಕ್ಕೊಂದು ಹೊಂದಿಕೊಂಡ ವನ್ಯಧಾಮಗಳು. ವಿಲ್ಡ್‌ಬೀಸ್ಟ್ ಎಂಬ ಹುಲ್ಲೆ ಜಾತಿಯ ಲಕ್ಷಾಂತರ ಪ್ರಾಣಿಗಳು ಮಳೆಯನ್ನೂ ಮೇವನ್ನೂ ಅರಸಿ ಪ್ರತಿವರ್ಷ ಇಲ್ಲಿ ಸಂಚರಿಸುತ್ತವೆ. ಮೊಸಳೆಗಳು ಹೊಂಚುವ ಮಾರಾ ನದಿಯನ್ನು ಅವು ದಾಟುವ ದೃಶ್ಯ ಮಕ್ಕಳ ಮನಸ್ಸಿನಲ್ಲಿ ಅಚ್ಚಳಿಯದೆ ನಿಲ್ಲುವಂಥದು.

ವಾಹನದಿಂದ ಇಳಿಯದವರ ಗೊಡವೆಗೆ ಸಿಂಹ ಸಾಮಾನ್ಯವಾಗಿ ಬರುವುದಿಲ್ಲ. ಸೊಳ್ಳೆಗೆ ಆ ಮರ್ಯಾದೆ ತಿಳಿಯದು.

ಕೀನ್ಯಾದಿಂದ ಭಾರತಕ್ಕೆ ಮರಳುವವರಲ್ಲಿ ಯೆಲ್ಲೋ ಫೀವರ್ ಎನ್ನುವ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರವಿರಬೇಕು. ಇಲ್ಲವಾದರೆ 6 ದಿನಗಳವರೆಗೆ ಕ್ವಾರಂಟೈನ್‌ನಲ್ಲಿ ಕಳೆಯಬೇಕಾದೀತು. ಲಸಿಕೆ ಹಾಕಿಸಿ 10 ದಿನಗಳಾದ ಮೇಲೆಯೇ ಪತ್ರಕ್ಕೆ ಮಾನ್ಯತೆ; 2016ರಿಂದ ಅದು ಜೀವನಪರ್ಯಂತ ಸಲ್ಲುತ್ತದೆ. ಎಳೆಗೂಸುಗಳು, ಗರ್ಭಿಣಿಯರು, 60 ದಾಟಿದವರ ವಿಷಯದಲ್ಲಿ ವೈದ್ಯರ ಸಲಹೆ ಅವಶ್ಯ.

ಮಲೇರಿಯಾಕ್ಕೆ ವೈದ್ಯರು ಸೂಚಿಸಿದ ಗುಳಿಗೆ, ಸಂಜೆಯ ಬಳಿಕ ತುಂಬುತೋಳಿನ ಉಡುಪು, ರಾತ್ರಿ ಸೊಳ್ಳೆಪರದೆ ತಪ್ಪಬಾರದು. ನಿದ್ರಾರೋಗ ಹರಡುವ ತ್ಸೆತ್ಸೆ ನೊಣ ಕಡುನೀಲಿ, ಕಪ್ಪು ಬಟ್ಟೆಗೆ ಮುತ್ತುವುದರಿಂದ ಮಣ್ಣಿನ ಬಣ್ಣವೇ ಲೇಸು.

ಮನೆ ಸೇರಿ ವಾರಗಳಾದ ಮೇಲೂ ಯಾರಿಗಾದರೂ ಜ್ವರ ಬಂದರೆ ಹವಾಬದಲಾವಣೆಯೆಂದು ಉಪೇಕ್ಷಿಸದೆ ಅಂದೇ ರಕ್ತಪರೀಕ್ಷೆ ಮಾಡಿಸಬೇಕು. ಆಫ್ರಿಕಕ್ಕೆ ಹೋಗಿಬಂದ ಸಂಗತಿಯನ್ನು ವೈದ್ಯರಿಗೆ ಮೊದಲು ತಿಳಿಸಬೇಕು. ಮಲೇರಿಯಾ ಗುಣವಾಗುವ ರೋಗ. ತಡಮಾಡಿದರೆ ಮಾತ್ರ ಪ್ರಾಣಕ್ಕೇ ಎರವಾದೀತು.