ಹೊಲಿಗೆಯಂತ್ರಗಳು ನಿಂತಾಗ

ಚನ್ನರಾಯಪಟ್ಟಣ ತಾಲ್ಲೂಕಿನ ದಂಡಿಗನಹಳ್ಳಿ ಹೋಬಳಿ ತೆಂಗು, ರಾಗಿಗಳ ಸೀಮೆ. ಮಳೆ ಕೈಕೊಟ್ಟರೆ ಇಂಥ ಸೀಮೆಯ ಸಂಸಾರಗಳಿಗೆ ಪಟ್ಟಣದ ಸಂಬಳವೇ ಆಸರೆ. ಹಾಸನ, ಮಂಡ್ಯ, ತುಮಕೂರು ಜಿಲ್ಲೆಗಳ ಹಳ್ಳಿಗಳಿಂದ ಬೆಂಗಳೂರಿನ ಸಿದ್ಧ ಉಡುಪಿನ ಕಾರ್ಖಾನೆಗಳನ್ನು ಸೇರಿದ ಹೆಣ್ಣುಮಕ್ಕಳು ಅಸಂಖ್ಯ. ‘ಗಾರ್ಮೆಂಟ್ಸ್ ಕೆಲಸ’ವೆಂದರೆ ಊರಿನಲ್ಲಿ ಎಲ್ಲರಿಗೂ ತಿಳಿದ ಮಾತು. ನಾವು ತೊಡುವ ಒಂದು ಅಂಗಿಯ ಕಾಲರು ಒಬ್ಬಾಕೆಯ ಕೆಲಸ, ತೋಳು ಇನ್ನೊಬ್ಬಾಕೆಯದು, ಗುಂಡಿ ಮತ್ತೊಬ್ಬಾಕೆಯದು. 2016ರ ಏಪ್ರಿಲಿನಲ್ಲಿ ಈ ಕೈಗಳು ಕೆಲಸ ನಿಲ್ಲಿಸಿದವು. ಎರಡೇ ದಿನಗಳಲ್ಲಿ ಕೇಂದ್ರ ಸರಕಾರ ತನ್ನ ಆಜ್ಞೆಯೊಂದನ್ನು ಹಿಂತೆಗೆದುಕೊಂಡಿತು.

ಏನಿದು ಪಿ.ಎಫ್.?

ಕಾರ್ಮಿಕರ ಭವಿಷ್ಯನಿಧಿಯ ವ್ಯವಸ್ಥೆ 1951ರ ನವೆಂಬರಿನಲ್ಲಿ ಸುಗ್ರೀವಾಜ್ಞೆಯಾಗಿ ಹುಟ್ಟಿ, 1952ರಲ್ಲಿ ಕಾಯಿದೆಯಾಯಿತು. ಮೊದಲು ಅದಕ್ಕೆ ಒಳಪಟ್ಟ ಆರು ಉದ್ಯಮಗಳಲ್ಲಿ ಜವಳಿಯೂ ಒಂದು. ಆಗ ಸಂಬಳದಲ್ಲಿ ನೂರಕ್ಕೆ ಆರೂಕಾಲು ರೂಪಾಯಿ ಕಾರ್ಮಿಕರ ಪಾಲು, ಅಷ್ಟೇ ಮಾಲೀಕರ ಪಾಲು. ಮುಂದೆ ಅದು ಸಾಮಾನ್ಯವಾಗಿ ನೂರಕ್ಕೆ 12ಕ್ಕೆ ಏರಿತು. ಮಾಲೀಕರ 12ರಲ್ಲಿ 8.33 ಪಿಂಚಣಿಯ ಲೆಕ್ಕಕ್ಕೂ, 3.67 ನಿಧಿಗೂ ಸೇರತೊಡಗಿತು. ಮಾಲೀಕರ ಪಾಲೆಂದರೆ ದಾನವಲ್ಲ. ದುಡಿಮೆಗೆ ತಡವಾಗಿ ಸಲ್ಲುವ ಕೂಲಿಯೇ ಅದು.

2016ರ ಫೆಬ್ರವರಿ 10ರ ಆಜ್ಞೆ ಈ ಕೂಲಿಗೆ ಬೀಗ ಹಾಕಿತು. ಅದುವರೆಗೆ ಕೆಲಸ ಬಿಟ್ಟು ಎರಡು ತಿಂಗಳು ಕಳೆದರೆ ನಿಧಿಯ ಹಣವನ್ನೆಲ್ಲ ಪಡೆಯಬಹುದಾಗಿತ್ತು. ಹೊಸ ನಿಯಮದಂತೆ ಮಾಲೀಕರ ಪಾಲು 58 ವರ್ಷ ತುಂಬುವವರೆಗೆ ಸಿಗದು. ವೃದ್ಧಾಪ್ಯಕ್ಕೆ ಉಳಿಯಲಿ ಎಂಬುದು ಸರಕಾರದ ವಾದ. ಆದರೆ ಗಂಟೆಗಟ್ಟಲೆ ಯಂತ್ರದ ಮುಂದೆ ಬೆನ್ನು ಬಾಗಿಸಿ ಕೂಡುವವರಲ್ಲಿ 58ರವರೆಗೆ ಅದೇ ಕೆಲಸದಲ್ಲಿ ಉಳಿಯುವವರೆಷ್ಟು ಮಂದಿ? ಮಗಳ ಮದುವೆ, ಮನೆಯವರ ಕಾಯಿಲೆ, ಕೈಸಾಲ – ಇವು 58 ತುಂಬಲೆಂದು ಕಾಯುವುದಿಲ್ಲ.

ಎರಡು ದಿನಗಳು

ಏಪ್ರಿಲ್ 18ರಂದು ಹೊಸೂರು ರಸ್ತೆಯ ಬೊಮ್ಮನಹಳ್ಳಿಯಲ್ಲಿ ಕಾರ್ಮಿಕ ಮಹಿಳೆಯರು ಬೀದಿಗಿಳಿದರು. ಮರುದಿನ ಪೀಣ್ಯ, ತುಮಕೂರು ರಸ್ತೆಗಳಿಗೂ ಕಿಚ್ಚು ಹಬ್ಬಿತು. ಕರೆ ಕೊಟ್ಟ ದೊಡ್ಡ ನಾಯಕರಿಲ್ಲ. ಬಾಯಿಂದ ಬಾಯಿಗೆ ಹರಡಿದ ಸುದ್ದಿಯೇ ಕರೆಯಾಯಿತು. ಲಾಠಿಗಳು ಬೀಸಿದವು, ಕಲ್ಲುಗಳು ತೂರಿದವು, ಬಸ್ಸುಗಳು ಉರಿದದ್ದೂ ಉಂಟು. 19ರ ಸಂಜೆಯೊಳಗೆ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ಅವರು ಆಜ್ಞೆ ರದ್ದಾಯಿತೆಂದು ಸಾರಿದರು.

ಆ ಮಹಿಳೆಯರಲ್ಲಿ ಬಹುಮಂದಿ ಕಾಯಿದೆಯ ಪುಸ್ತಕವನ್ನು ತೆರೆದು ನೋಡಿದವರಲ್ಲ. ಆದರೆ ಸಂಬಳದ ಚೀಟಿಯಲ್ಲಿ ತಿಂಗಳು ತಿಂಗಳೂ ಕಡಿತವಾಗುವ ರೂಪಾಯಿ ಯಾರದೆಂಬುದನ್ನು ಅವರು ಬಲ್ಲರು. ಈ ಅರಿವು ಪ್ರತಿಯೊಂದು ಮನೆಯಲ್ಲೂ ಇರತಕ್ಕದ್ದು. 2014ರಿಂದ ಪ್ರತಿ ಸದಸ್ಯರಿಗೂ 12 ಅಂಕಿಗಳ ಒಂದೇ ಖಾತೆಸಂಖ್ಯೆ ದೊರೆಯುತ್ತಿದೆ. ಕಾರ್ಖಾನೆ ಬದಲಾದರೂ ಅದು ಬದಲಾಗದು. ನಿಮ್ಮ ಮನೆಯ ಮಗಳೋ ಸೊಸೆಯೋ ಕೆಲಸಕ್ಕೆ ಹೋಗುತ್ತಿದ್ದರೆ, ಆ ಸಂಖ್ಯೆಯನ್ನು ಬರೆದಿಟ್ಟುಕೊಂಡಿದ್ದಾಳೆಯೇ, ಮಾಲೀಕರ ಪಾಲು ತಪ್ಪದೆ ಜಮೆಯಾಗುತ್ತಿದೆಯೇ ಎಂದು ಈ ತಿಂಗಳೇ ವಿಚಾರಿಸಿ ನೋಡಿ.