ಸಸಿತೋಟದ ಕಸುಬು: ತೋಟಗಾರಿಕೆ ಕಲಿತ ಯುವಕ ಯುವತಿಯರಿಗೂ ಅವರ ಮನೆತನದವರಿಗೂ ಕೆಲವು ಮಾತುಗಳು

ಬಿತ್ತನೆಯ ರಾಗಿ ಕೆಟ್ಟದ್ದಾದರೆ ರೈತನು ಒಂದು ಬೆಳೆಯನ್ನು ಕಳೆದುಕೊಳ್ಳುವನು. ಮುಂದಿನ ಮುಂಗಾರಿಗೆ ಬೇರೆ ಬೀಜವನ್ನು ತಂದು ನಷ್ಟವನ್ನು ತುಂಬಿಕೊಳ್ಳಬಹುದು. ತೆಂಗಿನ ಸಸಿಯೋ ಮಾವಿನ ಗಿಡವೋ ಕೆಟ್ಟದ್ದಾದರೆ ಹಾಗಲ್ಲ. ಗುಂಡಿ ತೋಡಿ, ಗೊಬ್ಬರ ಹಾಕಿ, ಏಳೆಂಟು ವರ್ಷ ನೀರೆರೆದ ಮೇಲೆಯೇ ತಾನು ಮೋಸಹೋದನೆಂಬುದು ಅವನಿಗೆ ತಿಳಿಯುವುದು. ಆ ವರ್ಷಗಳನ್ನು ಯಾರೂ ಹಿಂದಕ್ಕೆ ಕೊಡಲಾರರು. ಆದುದರಿಂದ ಜನರು ನರ್ಸರಿಯೆಂದು ಕರೆಯುವ ಸಸಿತೋಟದ ಕಸುಬು ಬರಿಯ ವ್ಯಾಪಾರವಲ್ಲ. ಪರರ ಆಯುಷ್ಯದ ಒಂದು ಭಾಗವನ್ನು ಕೈಯಲ್ಲಿ ಹಿಡಿದು ನಡೆಸುವ ಕೆಲಸವಾಗಿದೆ. ತೋಟಗಾರಿಕೆಯಲ್ಲಿ ಪದವಿ ಪಡೆದವರು ಈ ಕಸುಬನ್ನು ತಮ್ಮ ಮನೆತನದೊಡನೆ ಹೇಗೆ ನಡೆಸಬಹುದು ಎಂಬುದನ್ನು ತಿಳಿಸುವುದೇ ಈ ಕರಪತ್ರದ ಉದ್ದೇಶವು.

೧. ಸ್ಥಳದ ಅನುಕೂಲ

ಶ್ರೀರಂಗಪಟ್ಟಣಕ್ಕೆ ಸಮೀಪದ ಬಾಬುರಾಯನಕೊಪ್ಪಲಿನಂಥ ಊರು ಈ ಕಸುಬಿಗೆ ಹೇಳಿಮಾಡಿಸಿದ ಸ್ಥಳ. ಬೆಂಗಳೂರು ಮೈಸೂರು ರಸ್ತೆ ಹತ್ತಿರವಿದೆ. ಸುತ್ತಲಿನ ನಾಲ್ಕು ತಾಲ್ಲೂಕುಗಳ ಭೂಮಿ ಒಂದೇ ಬಗೆಯದಲ್ಲ. ಶ್ರೀರಂಗಪಟ್ಟಣ, ಪಾಂಡವಪುರಗಳಲ್ಲಿ ಕನ್ನಂಬಾಡಿಯ ಕಾಲುವೆಗಳ ನೀರುಂಟು. ಅಲ್ಲಿ ಬಾಳೆ, ತೆಂಗು, ತರಕಾರಿಗಳ ಸಸಿಗೆ ಗಿರಾಕಿಯಿದೆ. ನಾಗಮಂಗಲವು ಹೆಚ್ಚಾಗಿ ಮಳೆಯನ್ನೂ ಕೆರೆಯನ್ನೂ ನಂಬಿದ ಸೀಮೆ. ಅಲ್ಲಿಯವರಿಗೆ ಮಾವು, ಸಪೋಟ, ಹುಣಿಸೆಯಂತಹ ಬರ ತಾಳುವ ಗಿಡಗಳು ಬೇಕು. ಕೃಷ್ಣರಾಜಪೇಟೆಯಲ್ಲಿ ನೀರಾವರಿಯೂ ಉಂಟು, ಖುಷ್ಕಿಯೂ ಉಂಟು. ಒಂದೇ ಸಸಿತೋಟದವರು ಈ ನಾಲ್ಕೂ ಕಡೆಯ ರೈತರಿಗೆ ಬೇರೆ ಬೇರೆ ಗಿಡಗಳನ್ನು ಒದಗಿಸಿದರೆ ವರ್ಷವಿಡೀ ಕೆಲಸವಿರುತ್ತದೆ.

ಇದೇ ಸೀಮೆಯಲ್ಲಿ ಒಂದು ಎಚ್ಚರಿಕೆಯ ಪಾಠವೂ ಇದೆ. ಗಂಜಾಮಿನ ಅಂಜೂರವು ಒಂದು ಕಾಲದಲ್ಲಿ ಹೆಸರುವಾಸಿಯಾಗಿದ್ದಿತು. ಅಂಜೂರವನ್ನು ಕಡ್ಡಿ ನೆಟ್ಟು ಬೆಳೆಸುವುದು ಕಷ್ಟವೇನಲ್ಲ. ಆದರೂ ಒಂದು ಊರಿನ ಒಳ್ಳೆಯ ತಳಿಯ ಮರಗಳು ಕಡಿಮೆಯಾದರೆ ಕಡ್ಡಿ ಕೊಡುವ ಮೂಲವೇ ಬತ್ತಿಹೋಗುವುದು. ತಳಿಯನ್ನು ಉಳಿಸುವವನು ತೋಟದವನಷ್ಟೇ ಅಲ್ಲ, ಸಸಿ ಮಾಡುವವನೂ ಹೌದು.

೨. ಈ ವಿದ್ಯೆ ನಮ್ಮ ನಾಡಿನಲ್ಲಿ ಬೆಳೆದ ಬಗೆ

ಹೈದರಾಲಿಯು ೧೭೬೦ ರಲ್ಲಿ ಬೆಂಗಳೂರಿನ ಲಾಲ್‌ಬಾಗಿಗೆ ಅಡಿಪಾಯ ಹಾಕಿದನು. ಜರ್ಮನಿಯವರಾದ ಕ್ರುಂಬಿಗೆಲ್ ಅವರು ೧೯೦೮ ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು, ೧೯೩೨ ರವರೆಗೆ ಅಲ್ಲಿನ ತೋಟಗಳನ್ನು ನೋಡಿಕೊಂಡರು; ಕನ್ನಂಬಾಡಿಯ ಬೃಂದಾವನದಲ್ಲಿಯೂ ಅವರ ಕೈವಾಡವಿದೆ. ಅವರ ತರುವಾಯ ಜವರಾಯರವರು ಆ ಸ್ಥಾನಕ್ಕೆ ಬಂದರು. ೧೯೬೩ ರಲ್ಲಿ ತೋಟಗಾರಿಕೆಯು ವ್ಯವಸಾಯ ಇಲಾಖೆಯಿಂದ ಬೇರೆಯಾಗಿ ಸ್ವತಂತ್ರ ಇಲಾಖೆಯಾಯಿತು. ಅದರ ಮುಖ್ಯಸ್ಥರಾದವರು, ಅಮೆರಿಕದ ಹಾರ್ವರ್ಡಿನಲ್ಲಿ ಓದಿ ಬಂದ ಡಾಕ್ಟರ್ ಮರಿಗೌಡರು. ಸರ್ಕಾರದ ಇಲಾಖೆ, ಉದ್ಯಾನಕಲಾ ಸಂಘ, ಸಸಿತೋಟದವರ ಸಹಕಾರ ಸಂಘ, ಹಣ್ಣು ತರಕಾರಿ ಮಾರುವ ಬೆಳೆಗಾರರ ಸಹಕಾರ ಸಂಘ, ಈ ನಾಲ್ಕೂ ಒಂದೇ ದೇಹದ ಅಂಗಗಳಂತೆ ದುಡಿಯಬೇಕೆಂಬುದು ಅವರ ಯೋಜನೆಯಾಗಿತ್ತು. ಸಸಿ ಮಾಡುವವರಿಗೆ ಅವರು ಒಂದು ಪೂರ್ಣ ಅಂಗದ ಸ್ಥಾನವನ್ನೇ ಕೊಟ್ಟರೆಂಬುದನ್ನು ಗಮನಿಸತಕ್ಕದ್ದು.

ಮೂಡಿಗೆರೆಯಲ್ಲಿ ೧೯೯೧ ರಲ್ಲಿ ತೋಟಗಾರಿಕೆ ಕಾಲೇಜು ಸ್ಥಾಪಿತವಾಯಿತು. ಬಾಗಲಕೋಟೆಯಲ್ಲಿ ೨೦೦೮ ರಲ್ಲಿ ಈ ವಿದ್ಯೆಗಾಗಿಯೇ ಒಂದು ವಿಶ್ವವಿದ್ಯಾನಿಲಯವಾಯಿತು. ಈಗ ಮೈಸೂರಿನಲ್ಲಿಯೂ ಕಾಲೇಜುಂಟು. ನಾಲ್ಕು ವರ್ಷ ಓದಿ ಹೊರಬರುವವರಲ್ಲಿ ರೈತರ ಮಕ್ಕಳೂ ಬಹಳ ಮಂದಿ. ಇಲಾಖೆಯ ಹುದ್ದೆ, ಬ್ಯಾಂಕಿನ ಹುದ್ದೆ, ಬೀಜದ ಕಂಪೆನಿಗಳ ಕೆಲಸ, ಸಂಶೋಧನೆ, ಇವೆಲ್ಲವೂ ಗೌರವದ ದಾರಿಗಳೇ. ಆದರೆ ಎಲ್ಲರಿಗೂ ಹುದ್ದೆ ದೊರೆಯದು. ದೊರೆಯಲಿಲ್ಲವೆಂದು ಮನೆಗೆ ಬಂದವನನ್ನು ಸೋತು ಬಂದವನಂತೆ ಕಾಣುವುದು ಅನ್ಯಾಯ. ತಂದೆಯ ಒಂದೆರಡು ಎಕರೆಯಲ್ಲಿ ಚೊಕ್ಕ ಸಸಿತೋಟವನ್ನು ನಿಲ್ಲಿಸುವುದಕ್ಕೆ, ಮೇಜಿನ ಮುಂದೆ ಕುಳಿತು ಮಾಡುವ ಕೆಲಸಕ್ಕಿಂತ ಹೆಚ್ಚಿನ ವಿದ್ಯೆ ಬೇಕು.

೩. ನೋಡಿದ ಒಂದು ನಷ್ಟ

ಈ ಕರಪತ್ರವನ್ನು ಬರೆಯುತ್ತಿರುವವನ ತಂದೆಯವರು ಒಮ್ಮೆ ಸಂತೆಯಲ್ಲಿ ನಲವತ್ತು ತೆಂಗಿನ ಸಸಿಗಳನ್ನು ಕೊಂಡರು. ಮಾರಿದವನು ತಿಪಟೂರಿನ ತಳಿಯೆಂದು ಹೇಳಿದನು. ಸಸಿಗಳು ಎತ್ತರವಾಗಿಯೂ ಹಸುರಾಗಿಯೂ ಇದ್ದುವು. ಹತ್ತನೆಯ ವರ್ಷದಲ್ಲಿ ಹದಿನೇಳು ಮರಗಳು ಮಾತ್ರ ಹೊಂಬಾಳೆ ಬಿಟ್ಟವು; ಅವುಗಳಲ್ಲಿಯೂ ಕೆಲವು ಬೊಂಡುಕಾಯಿ. ಆ ವೇಳೆಗೆ ಮಗನು ಕಾಲೇಜನ್ನು ಮುಗಿಸಿ ಬಂದು, ಸಸಿಯಲ್ಲಿ ಏನನ್ನು ನೋಡಬೇಕಾಗಿತ್ತೆಂಬುದನ್ನು ವಿವರಿಸಿದನು. ತಂದೆಯವರು ಎಲ್ಲವನ್ನೂ ಕೇಳಿ, "ಕೊಳ್ಳುವಾಗ ಹೇಳುವವರು ಒಬ್ಬರಿದ್ದರೆ ಸಾಕಾಗಿತ್ತಪ್ಪ," ಎಂದಷ್ಟೇ ಹೇಳಿ ನೀರು ಹಾಯಿಸಲು ಹೋದರು. ಆ ಮರಗಳನ್ನು ಅವರು ಕಡಿಸಲಿಲ್ಲ.

ಕೊಳ್ಳುವಾಗ ನಿಜವನ್ನು ಹೇಳುವ ಆ ಒಬ್ಬರೇ, ಕಲಿತ ಸಸಿತೋಟಗಾರರು ಆಗಿರಬೇಕಾದವರು.

೪. ತಾಯಿಮರವೇ ಮೂಲಧನ

ಸಸಿತೋಟಕ್ಕೆ ಬೇಕಾದ ಮುಖ್ಯ ಬಂಡವಾಳವು ನೆರಳುಬಲೆಯೂ ಅಲ್ಲ, ಕೊಳವೆಬಾವಿಯೂ ಅಲ್ಲ; ಗುಣವನ್ನು ಬಲ್ಲ ತಾಯಿಮರಗಳು.

ತೆಂಗು: ಎತ್ತರದ ತಳಿಯಲ್ಲಿ ವರ್ಷಕ್ಕೆ ಎಂಬತ್ತಕ್ಕೆ ಕಡಿಮೆಯಿಲ್ಲದಂತೆ, ವರ್ಷ ವರ್ಷವೂ ತಪ್ಪದೆ ಕಾಯಿ ಬಿಡುವ, ಮೂವತ್ತಕ್ಕೂ ಹೆಚ್ಚು ಗರಿಗಳುಳ್ಳ, ರೋಗವಿಲ್ಲದ, ಮಧ್ಯವಯಸ್ಸಿನ ಮರವನ್ನು ಆರಿಸತಕ್ಕದ್ದು. ಕಾಯಿ ಹನ್ನೊಂದು ಹನ್ನೆರಡು ತಿಂಗಳು ಬಲಿತಿರಬೇಕು. ಆದರೆ ತಾಯಿ ಒಳ್ಳೆಯದೆಂದ ಮಾತ್ರಕ್ಕೆ ಎಲ್ಲ ಸಸಿಗಳೂ ಒಳ್ಳೆಯವಾಗುವುದಿಲ್ಲ. ಎತ್ತರದ ತೆಂಗಿಗೆ ಪರಾಗವು ಹೆಚ್ಚಾಗಿ ಬೇರೆ ಮರದಿಂದ ಬರುವುದರಿಂದ, ಕಾಯಿಯ ತಾಯಿ ಯಾವುದೆಂದು ತಿಳಿದರೂ ತಂದೆ ಯಾವುದೆಂದು ತಿಳಿಯದು. ಆದುದರಿಂದ ಮಡಿಯಲ್ಲಿ ಎರಡನೆಯ ಬಾರಿ ಆರಿಸುವುದು ಅವಶ್ಯಕ. ಐದು ತಿಂಗಳೊಳಗೆ ಮೊಳೆಯದ ಕಾಯಿಗಳನ್ನು ತೆಗೆದುಬಿಡಬೇಕು. ವರ್ಷ ತುಂಬುವ ಸಸಿಯಲ್ಲಿ ಆರು ಎಲೆಗಳೂ, ಬುಡದಲ್ಲಿ ಹತ್ತು ಸೆಂಟಿಮೀಟರ್ ಸುತ್ತಳತೆಯೂ ಇರಬೇಕು. ನೀಳವಾಗಿ ಬೆಳೆದ ತೆಳುಬುಡದ ಸಸಿ ಕಣ್ಣಿಗೆ ಚೆಂದ, ತೋಟಕ್ಕೆ ಕೇಡು. ಹೀಗೆ ಆರಿಸಿದರೆ ನೂರು ಕಾಯಿಗಳಿಂದ ಅರವತ್ತೈದರ ಸುಮಾರು ಸಸಿಗಳು ಮಾರಾಟಕ್ಕೆ ಯೋಗ್ಯವಾಗುವುವು. ಉಳಿದುವನ್ನು ಕಿತ್ತುಹಾಕುವ ಧೈರ್ಯವೇ ಈ ಕಸುಬಿನ ಪ್ರಾಮಾಣಿಕತೆ. ಕಡಿಮೆ ಬೆಲೆಗೆಂದು ಅವನ್ನು ಪಕ್ಕಕ್ಕೆ ಇಟ್ಟರೆ, ಅವು ಹೋಗಿ ಸೇರುವುದು ಬಡವನ ತೋಟವನ್ನೇ.

ಮಾವು: ಕಸಿಗಿಡವು ತಾಯಿಮರದ ಪ್ರತಿರೂಪವೇ ಆಗಿರುತ್ತದೆ. ಬಾದಾಮಿ, ರಸಪುರಿ, ಸೇಂದೂರ, ಯಾವುದೇ ಆಗಲಿ, ಕಸಿಕಡ್ಡಿಯನ್ನು ಫಲ ಕಂಡ ಮರದಿಂದಲೇ ತೆಗೆಯತಕ್ಕದ್ದು. ಇನ್ನೂ ಹೂವನ್ನೇ ಕಾಣದ ಎಳೆಯ ಕಸಿಗಿಡದಿಂದ ಕಡ್ಡಿ ತೆಗೆದರೆ ತಪ್ಪೊಂದು ಸಾವಿರವಾಗುವುದು. ಕಡ್ಡಿ ಕತ್ತರಿಸುವುದಕ್ಕೆ ಎಂಟು ಹತ್ತು ದಿನ ಮುಂಚೆ ಅದರ ಎಲೆಗಳನ್ನು ತೊಟ್ಟು ಉಳಿಸಿ ಕತ್ತರಿಸಿದರೆ ಮೊಗ್ಗು ಉಬ್ಬಿ, ಕಸಿ ಬೇಗ ಕೂಡುವುದು. ಕಸಿಯ ಗಂಟಿನ ಕೆಳಗೆ ಹುಟ್ಟುವ ಚಿಗುರನ್ನು ಆಗಾಗ ಚಿವುಟಬೇಕು. ಇಲ್ಲವಾದರೆ ಕಾಡುಗಿಡವು ಬೆಳೆದು ಕಸಿಯನ್ನು ನುಂಗುವುದು. ಎರಡು ಮೂರು ವರ್ಷ ಸಣ್ಣ ಚೀಲದಲ್ಲಿಯೇ ಉಳಿದ ಗಿಡದ ಬೇರು ಸುರುಳಿ ಸುತ್ತಿರುತ್ತದೆ. ಅಂತಹ ದೊಡ್ಡ ಗಿಡವನ್ನು ರೈತರು ಆಸೆಪಟ್ಟು ಕೇಳುವರು; ಕೊಡಬಾರದ ಕಾರಣವನ್ನು ಅವರಿಗೆ ತಿಳಿಸಿ ಹೇಳತಕ್ಕದ್ದು.

ಬಾಳೆ: ನಂಜನಗೂಡಿನ ರಸಬಾಳೆಯನ್ನು ಪನಾಮಾ ಸೊರಗು ರೋಗವು ಹೇಗೆ ಕುಗ್ಗಿಸಿತೆಂಬುದನ್ನು ಮೈಸೂರು ಸೀಮೆಯವರು ಬಲ್ಲರು. ಈ ರೋಗದ ಬೂಷ್ಟು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ರೋಗದ ತೋಟದಿಂದ ಕಿತ್ತ ಕಂದು ಅದನ್ನು ಹೊಸ ಹೊಲಕ್ಕೆ ಒಯ್ಯುವುದು. ಆದುದರಿಂದ ರೋಗವಿಲ್ಲದ ತೋಟದ ಕಂದನ್ನಾಗಲಿ, ನಂಬಿಕೆಯ ಪ್ರಯೋಗಶಾಲೆಯ ಅಂಗಾಂಶ ಕೃಷಿಯ ಸಸಿಗಳನ್ನಾಗಲಿ ಮಾತ್ರ ಮಾರತಕ್ಕದ್ದು.

ತರಕಾರಿ: ಟೊಮ್ಯಾಟೊ, ಮೆಣಸಿನಕಾಯಿ ಸಸಿಗಳನ್ನು ತೆಂಗಿನ ನಾರಿನ ಪುಡಿ ತುಂಬಿದ ಗುಳಿತಟ್ಟೆಗಳಲ್ಲಿ, ಬಿಳಿನೊಣ ನುಸುಳದ ಸಣ್ಣಕಣ್ಣಿನ ಬಲೆಯೊಳಗೆ ಬೆಳೆಸುವುದು ಉತ್ತಮ. ಎಲೆ ಮುದುಡುವ ನಂಜುರೋಗವನ್ನು ಹರಡುವುದು ಆ ನೊಣವೇ. ಟೊಮ್ಯಾಟೊ ಸಸಿ ಇಪ್ಪತ್ತೈದು ಮೂವತ್ತು ದಿನಗಳಲ್ಲಿ ನಾಟಿಗೆ ಬರುವುದು.

೫. ಆದಾಯವನ್ನು ಹೊಂದಿಸುವ ಕ್ರಮ

ತಾಯಿಮರದ ತೋಟವು ಸಿದ್ಧವಾಗಲು ಹಲವು ವರ್ಷಗಳು ಬೇಕು. ಮನೆಯ ಒಲೆಯಾದರೋ ದಿನವೂ ಉರಿಯಬೇಕು. ಆದುದರಿಂದ ತಿಂಗಳ ಬೆಳೆ, ವರ್ಷದ ಬೆಳೆ, ದಶಕದ ಬೆಳೆ ಎಂದು ಮೂರು ಮೆಟ್ಟಿಲಾಗಿ ಕಸುಬನ್ನು ಕಟ್ಟತಕ್ಕದ್ದು. ತರಕಾರಿ ಸಸಿ ತಿಂಗಳಿಗೆ ಹಣ ತರುವುದು. ಪರಂಗಿಯ ಸಸಿ ಎರಡು ತಿಂಗಳೊಳಗೆ. ತೆಂಗೂ ಮಾವಿನ ಕಸಿಯೂ ವರ್ಷದ ಮೇಲೆ. ಮೊದಲನೆಯ ಮೆಟ್ಟಿಲಿನ ಲಾಭದಲ್ಲಿ ಒಂದು ಪಾಲನ್ನು ತಾಯಿಮರಗಳಿಗೆ ತಪ್ಪದೆ ಹಾಕುತ್ತ ಬಂದರೆ ಸಾಲದ ಭಾರ ಕಡಿಮೆಯಾಗುವುದು. ವ್ಯವಸಾಯ, ತೋಟಗಾರಿಕೆಗಳ ಪದವೀಧರರು ಸ್ವಂತ ಉದ್ಯೋಗವನ್ನು ಹಿಡಿಯಲೆಂದು ಭಾರತ ಸರ್ಕಾರವು ೨೦೦೨ ರಲ್ಲಿ ಕೃಷಿ ಚಿಕಿತ್ಸಾಲಯ ಮತ್ತು ಕೃಷಿ ವಾಣಿಜ್ಯ ಕೇಂದ್ರಗಳ ಯೋಜನೆಯನ್ನು ಆರಂಭಿಸಿತು; ತರಬೇತಿಯೂ ಬ್ಯಾಂಕಿನ ಸಾಲಕ್ಕೆ ಸಹಾಯಧನವೂ ಅದರ ಅಂಗಗಳಾಗಿವೆ. ಸಂರಕ್ಷಿತ ತಳಿಗಳನ್ನು ಮಾರುವ ಮೊದಲು, ೨೦೦೧ ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾನೂನಿನ ಪ್ರಕಾರ ಅನುಮತಿ ಬೇಕೇ ಎಂಬುದನ್ನು ವಿಚಾರಿಸತಕ್ಕದ್ದು.

೬. ಮನೆಯವರಲ್ಲಿ ಕೆಲಸದ ಹಂಚಿಕೆ

ಅಣ್ಣನೂ ತಂಗಿಯೂ ತೋಟಗಾರಿಕೆ ಓದಿದ್ದಾರೆ, ತಂದೆ ತಾಯಿಗಳು ನೆಲದಲ್ಲಿ ದುಡಿದವರು ಎಂದಿಟ್ಟುಕೊಳ್ಳೋಣ. ಅಣ್ಣನು ಒಂದೆರಡು ವರ್ಷ ಬೇರೆ ಕಡೆ ಸಂಬಳಕ್ಕೆ ದುಡಿದು ಬರುವುದು ಕೆಟ್ಟದ್ದಲ್ಲ. ಸಂಬಳವು ಬಂಡವಾಳವಾಗುವುದು, ಪರರ ತಪ್ಪು ಪಾಠವಾಗುವುದು. ತಂಗಿಯು ಕಸಿಯ ಮೇಲ್ವಿಚಾರಣೆಯನ್ನೂ ದಾಖಲೆಯನ್ನೂ ವಹಿಸಬಹುದು. ಅವಳು ಮದುವೆಯಾಗಿ ಹೋಗುವವಳೆಂದು ಪಾಲಿನಿಂದ ಬಿಡುವ ಮನೆತನವು ತನ್ನ ಒಂದು ಕೈಯನ್ನು ತಾನೇ ಕಡಿದುಕೊಂಡಂತೆ. ಅವಳ ಕೆಲಸಕ್ಕೆ ಸಂಬಳವನ್ನಾಗಲಿ ಪಾಲನ್ನಾಗಲಿ ಬರವಣಿಗೆಯಲ್ಲಿ ಗೊತ್ತುಮಾಡತಕ್ಕದ್ದು. ಮಣ್ಣಿನ ಹದ, ನೀರಿನ ಹೊತ್ತು, ಗಿರಾಕಿಯ ಮನಸ್ಸು, ಇವು ತಂದೆ ತಾಯಿಗಳ ವಿದ್ಯೆ. ಪದವಿಯ ಗರ್ವದಿಂದ ಅದನ್ನು ಹಳೆಯದೆಂದು ತಳ್ಳಬಾರದು. ಹಿರಿಯರೂ "ನಮ್ಮ ಕಾಲದಲ್ಲಿ ದಾಖಲೆ ಯಾರು ಬರೆದರು" ಎಂದು ಮಕ್ಕಳ ಕೈ ತಡೆಯಬಾರದು.

೭. ದಾಖಲೆ ಪುಸ್ತಕ

ಪ್ರತಿಯೊಂದು ತಾಯಿಮರಕ್ಕೂ ಸಂಖ್ಯೆ ಕೊಡಿರಿ. ಕಡ್ಡಿಯೋ ಕಾಯಿಯೋ ಯಾವ ಮರದ್ದು, ಯಾವ ದಿನ ಕಸಿ ಕಟ್ಟಿತು ಅಥವಾ ನೆಟ್ಟಿತು, ಕಟ್ಟಿದವರು ಯಾರು, ಯಾವ ಊರಿನ ಯಾರಿಗೆ ಮಾರಿತು ಎಂಬಿವನ್ನು ಬರೆದಿಡಿರಿ. ಕೊಂಡವರಿಗೆ ಇದೇ ವಿವರದ ರಸೀತಿ ಕೊಡಿರಿ. ಐದು ವರ್ಷಗಳ ಮೇಲೆ ಅವರ ತೋಟಕ್ಕೆ ಹೋಗಿ ನೋಡಿರಿ. ತಪ್ಪಾಗಿದ್ದರೆ ಒಪ್ಪಿಕೊಂಡು ಬೇರೆ ಗಿಡ ಕೊಡಿರಿ. ಆ ತಾಯಿಮರದ ಸಂಖ್ಯೆಯನ್ನು ಪುಸ್ತಕದಿಂದ ಹೊಡೆದುಹಾಕಿರಿ. ಒಂದು ತಪ್ಪನ್ನು ಒಪ್ಪಿಕೊಂಡ ಸಸಿತೋಟಕ್ಕೆ ಹತ್ತು ಊರಿನವರು ಬರುವರು.

ರೈತರಿಗೆ ಕೊನೆಯ ಮಾತು. ಸಸಿ ಕೊಳ್ಳುವಾಗ ಮೂರು ಪ್ರಶ್ನೆಗಳನ್ನು ಕೇಳಿರಿ: ಇದರ ತಾಯಿಮರ ಎಲ್ಲಿದೆ, ಅದನ್ನು ತೋರಿಸುವಿರಾ, ರಸೀತಿ ಕೊಡುವಿರಾ? ಮೂರಕ್ಕೂ ಹೌದೆಂದವರಲ್ಲಿ ನಾಲ್ಕು ಕಾಸು ಹೆಚ್ಚಾದರೂ ಕೊಳ್ಳಿರಿ. ಸಂದೇಹವಿದ್ದರೆ ನಿಮ್ಮ ತಾಲ್ಲೂಕಿನ ತೋಟಗಾರಿಕೆ ಅಧಿಕಾರಿಗಳನ್ನು, ಗುಂಡಿ ತೋಡುವುದಕ್ಕೆ ಮೊದಲೇ, ಕೇಳಿ ತಿಳಿದುಕೊಳ್ಳಿರಿ.